ಇಪ್ಪತ್ತೊಂದನೆಯ ಹಾಸಿಗೆಯಲ್ಲಿ ರೋಗಿ ಇದ್ದಳು

ಜಗಳೂರು, ಚನ್ನಗಿರಿ, ನ್ಯಾಮತಿ, ಹೊನ್ನಾಳಿ ಸೀಮೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತನಾಲ್ಕು ವರ್ಷ ಹಾಸಿಗೆಯಿಂದ ಹಾಸಿಗೆಗೆ ನಡೆದು, ಸಾವಿರಾರು ಜನರ ನಾಡಿ ಹಿಡಿದು, ಅಷ್ಟೇ ಜನರ ಹೇಲು ಉಚ್ಚೆ ಬಾಚಿ, ಈ ತಿಂಗಳ ಕೊನೆಯ ದಿನ ವಯೋನಿವೃತ್ತಿ ಹೊಂದುತ್ತಿರುವ ಹಿರಿಯ ಶುಶ್ರೂಷಾಧಿಕಾರಿ ಶ್ರೀಮತಿ ದುರುಗಮ್ಮನವರಿಗೆ ನಮ್ಮ ವೃತ್ತಿಯಲ್ಲಿ ಯಾವ ಸ್ಥಾನವಿದೆ ಎಂದು ಹೇಳಲು ಪದವಿ ಪ್ರಶಸ್ತಿಗಳ ಪಟ್ಟಿ ಬೇಕಿಲ್ಲ. ಈ ಭಾಗದಲ್ಲಿ ಇಂದು ಕೆಲಸ ಮಾಡುತ್ತಿರುವ ನರ್ಸುಗಳಲ್ಲಿ ಅರ್ಧ ಜನ, ಸಿಗದ ನರವನ್ನು ಹುಡುಕಿ ಸೂಜಿ ಹಾಕುವುದನ್ನು ಅವರ ಪಕ್ಕದಲ್ಲಿ ನಿಂತು ಕಲಿತವರು. ಇನ್ನರ್ಧ ಜನ ಅವರಿಂದ ಬೈಸಿಕೊಂಡು ಕಲಿತವರು. ನಾನು ಎರಡೂ ಪಂಗಡಕ್ಕೆ ಸೇರಿದವಳು.

ಅಭಿನಂದನ ಸಮಿತಿಯ ಹಿರಿಯರು ಈ ಗ್ರಂಥಕ್ಕೆ ಲೇಖನ ಕೇಳಿ ಬರೆದ ಪತ್ರದಲ್ಲಿ, ಸಂತೋಷದ ನೆನಪುಗಳನ್ನಷ್ಟೇ ಬರೆಯಬೇಕು, ಯಾರ ಮನಸ್ಸಿಗೂ ನೋವಾಗುವ ಸಂಗತಿ ಬೇಡ, ನಾಲ್ಕು ಪುಟ ಮೀರಬಾರದು ಎಂದು ಸೂಚಿಸಿದ್ದರು. ನಾಲ್ಕು ಪುಟದ ಮಾತನ್ನು ಒಪ್ಪಿದ್ದೇನೆ. ಆಸ್ಪತ್ರೆಯ ಹೆಸರಾಗಲಿ ಕಚೇರಿಯ ಹೆಸರಾಗಲಿ ಹೇಳುವುದಿಲ್ಲ, ಅದನ್ನೂ ಒಪ್ಪಿದ್ದೇನೆ. ಆದರೆ ಯಾರ ಸೇವಾ ಪುಸ್ತಕದಲ್ಲಿ 'ಇಲ್ಲದ ರೋಗಿಯನ್ನು ದಾಖಲೆಯಲ್ಲಿ ಸೃಷ್ಟಿಸಿದ್ದಾರೆ' ಎಂಬ ಷರಾ ಇದೆಯೋ, ಆ ಹೆಂಗಸನ್ನು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಆ ಷರಾದ ಬಗ್ಗೆ ಒಬ್ಬರೂ ತುಟಿ ಬಿಚ್ಚದೆ ಮನೆಗೆ ಕಳಿಸುವುದನ್ನು ನೋಡಿಕೊಂಡು ಕೂರುವಷ್ಟು ಒಳ್ಳೆಯವಳು ನಾನಲ್ಲ. ಆ ರೋಗಿ ಇದ್ದಳು. ಅವಳು ನಾನೇ. ಅವರು ಕಚೇರಿಯಲ್ಲಿ ಕೊನೆಯ ಸಹಿ ಹಾಕುವ ಮೊದಲು ಆ ಷರಾ ಅಳಿಯಬೇಕು ಎಂಬುದೊಂದೇ ಈ ಲೇಖನದ ಉದ್ದೇಶ.

ದುರುಗಮ್ಮನವರು ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ. ತಂದೆ ಬೋರಣ್ಣನವರು ಕುರಿ ಕಾಯುತ್ತಿದ್ದವರು. ಸಂಜೆ ರೊಪ್ಪಕ್ಕೆ ಕುರಿ ಕೂಡುವಾಗ ಕಣ್ಣಳತೆಯಲ್ಲಿ ಎಣಿಸದೆ, ಒಂದೊಂದರ ಬೆನ್ನನ್ನೂ ಮುಟ್ಟಿ ಒಳಗೆ ಬಿಡುತ್ತಿದ್ದರಂತೆ. ಮಗಳು ನರ್ಸಿಂಗ್ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಬೇರೆಯವರು ಮೇಜಿನ ಬಳಿ ಕುಳಿತು ಮುಗಿಸುತ್ತಿದ್ದ ಕೆಲಸವನ್ನು ಹಾಸಿಗೆಯ ಬಳಿ ನಿಂತೇ ಮಾಡುವ ಹಟ ಹಿಡಿದದ್ದು ಆ ಅಭ್ಯಾಸದಿಂದಲೇ ಎಂದು ಅವರು ಹೇಳುವುದುಂಟು. ಸೂಳೆಕೆರೆಯ ದಂಡೆಯ ಹಳ್ಳಿಗಳಿಗೆ ಸೇರಿದ ಆರೋಗ್ಯ ಕೇಂದ್ರದಲ್ಲಿ ಅವರು ಒಂಬತ್ತು ವರ್ಷ ಇದ್ದರು. ಹೆರಿಗೆಗೆ ಬಂದ ಮೀನುಗಾರರ ಹೆಣ್ಣುಮಕ್ಕಳ ಜೊತೆ ಬಂದ ತಾಯಿ, ಅತ್ತೆಯರನ್ನು ರಾತ್ರಿಯಾದರೆ ವರಾಂಡಕ್ಕೆ ಅಟ್ಟುವುದು ಅಲ್ಲಿನ ರೂಢಿಯಾಗಿತ್ತು. ಇವರು ಅವರಿಗೆಲ್ಲ ಒಳಗೆ ಚಾಪೆ ಹಾಸಿ, ಊಟವಾಯಿತೇ ಎಂದು ಕೇಳಿ, ಆಗಿಲ್ಲವೆಂದರೆ ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ವೈದ್ಯರೊಬ್ಬರು ಆಕ್ಷೇಪಿಸಿದಾಗ, "ರೋಗಿ ಒಬ್ಬಳೇ ಅಲ್ರೀ ಸಾರ್, ರೋಗಿ ನೋಡ್ಕಳಾಕೆ ಬಂದೋಳೂ ಅರ್ಧ ರೋಗಿನೇ" ಎಂದಿದ್ದರಂತೆ. ಆ ಮಾತು ಮುಂದೆ ನನ್ನನ್ನು ಉಳಿಸುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ನಾನು ನಲ್ಲೂರಿನವಳು. ಅಪ್ಪ ಇಮಾಮ್‌ಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಎರಡು ಸಾವಿರದ ಹತ್ತೊಂಬತ್ತರಲ್ಲಿ ಗುತ್ತಿಗೆ ನರ್ಸ್ ಆಗಿ ದುರುಗಮ್ಮನವರ ವಾರ್ಡಿಗೆ ಬಂದಾಗ ನನಗೆ ಇಪ್ಪತ್ತಮೂರು ವರ್ಷ. ಮೊದಲ ದಿನ ಅವರು ಕಲಿಸಿದ್ದು ಚಾರ್ಜ್ ಕೊಡುವುದನ್ನು. ಪಾಳಿ ಮುಗಿಸಿದವಳು ಮುಂದಿನ ಪಾಳಿಯವಳಿಗೆ ವಾರ್ಡನ್ನು ಒಪ್ಪಿಸುವ ಕ್ರಮಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಒಂದನೆಯ ಹಾಸಿಗೆ ಯಾರು, ಎರಡನೆಯ ಹಾಸಿಗೆಯವರಿಗೆ ಜ್ವರ ಎಷ್ಟು, ಮೂರನೆಯವರು ಉಂಡರೋ ಇಲ್ಲವೋ, ಹೀಗೆ ಇಪ್ಪತ್ತು ಹಾಸಿಗೆಯ ಸಮಾಚಾರವನ್ನೂ ರಿಪೋರ್ಟ್ ಬುಕ್ಕಿನಲ್ಲಿ ಬರೆದು, ಓದಿ, ಒಪ್ಪಿಸಿ ಹೋಗಬೇಕು. ಒಪ್ಪಿಸಿಕೊಂಡವಳು ಸಹಿ ಹಾಕಿದ ಗಳಿಗೆಯಿಂದ ಆ ಇಪ್ಪತ್ತು ಜೀವದ ಹೊಣೆ ಅವಳದು. ಬುಕ್ಕಿನಲ್ಲಿ ಬರೆದದ್ದನ್ನು ನೋಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಮರುವರ್ಷ ಕೊರೊನಾ ಬಂತು. ನಮ್ಮನ್ನು ಯೋಧರೆಂದು ಕರೆದರು, ನಮಗಾಗಿ ಚಪ್ಪಾಳೆ ತಟ್ಟಿದರು, ಹೂವೆರಚಿದರು. ಹೂವೆರಚಿದ ಬೀದಿಯಲ್ಲೇ ನನ್ನ ಸಹೋದ್ಯೋಗಿ ಗಂಗೋತ್ರಿಯ ಮನೆ ಮಾಲೀಕರು ಅವಳ ಪಾತ್ರೆ, ಬಟ್ಟೆಗಳನ್ನು ಮೆಟ್ಟಿಲ ಮೇಲೆ ತಂದಿಟ್ಟು ಬೀಗ ಹಾಕಿದರು. ಅವಳು ಹತ್ತು ದಿನ ಆಸ್ಪತ್ರೆಯ ಉಗ್ರಾಣದಲ್ಲಿ ಮಲಗಿದಳು. ನೀರು ಕುಡಿದರೆ ಪಿಪಿಇ ಕಿಟ್ ಬಿಚ್ಚಿ ಮತ್ತೆ ಹಾಕಿಕೊಳ್ಳಬೇಕಾಗುತ್ತದೆಂದು ಆರು ಗಂಟೆ ಬಾಯಿ ಒಣಗಿಸಿಕೊಂಡು, ಆ ಪ್ಲಾಸ್ಟಿಕ್ ಕವಚದೊಳಗೆ ಬೆವರಿನಲ್ಲಿ ನೆನೆಯುತ್ತಿದ್ದ ಹೆಣ್ಣುಮಕ್ಕಳನ್ನು ಒಬ್ಬ ಅಧಿಕಾರಿಯೂ ಬಂದು 'ಹೇಗಿದ್ದೀರಿ' ಎಂದು ಕೇಳಲಿಲ್ಲ. ಒಂದು ಮಧ್ಯಾಹ್ನ ಎರಡು ಗಂಟೆಗೆ ಚಾರ್ಜ್ ಕೊಡುತ್ತಿದ್ದಾಗಲೇ ಗಂಗೋತ್ರಿ ಕುಸಿದು ಬಿದ್ದಳು. ಅವಳಿಗೆ ಸಕ್ಕರೆ ನೀರು ಕುಡಿಸಿ ಕೂರಿಸಿದ ಮೇಲೆ ದುರುಗಮ್ಮನವರು ನಮ್ಮೆಲ್ಲರ ಕಡೆ ತಿರುಗಿದರು.

"ಇಪ್ಪತ್ತು ಹಾಸಿಗೆದೂ ಹೇಳ್ತೀರಿ. ನಿಮ್ದು ಯಾರು ಹೇಳ್ತಾರೆ? ಕುರಿ ಎಣಿಸೋನು ತನ್ನ ಎಣಿಸ್ಕಳಲ್ಲ ಅಂತ ನಮ್ಮಪ್ಪ ಅಂತಿದ್ದ. ತೋಳ ಹಿಡಿಯಾದು ಅವನನ್ನೇ. ಇವತ್ತಿಂದ ಇಪ್ಪತ್ತಾದ ಮೇಲೆ ನಿಮ್ಮ ರಿಪೋರ್ಟ್ ಕೊಡ್ಬೇಕು. ಉಂಡ್ಯಾ, ಮಲಗಿದ್ಯಾ, ಅತ್ತ್ಯಾ. ಸುಳ್ಳು ಹೇಳಿದ್ರೆ ಮನೆಗೆ ಬಿಡಲ್ಲ ನಾನು."

ನಾವು ನಕ್ಕೆವು. ಆದರೂ ಕೊಟ್ಟೆವು. ಮೊದಮೊದಲು ನಾಚಿಕೆಯಿಂದ, ಆಮೇಲೆ ಅದಿಲ್ಲದೆ ಪಾಳಿಯೇ ಮುಗಿಯುವುದಿಲ್ಲವೆಂಬಂತೆ. ಅದೇ ಸಮಯದಲ್ಲಿ ಅವರು ನರ್ಸುಗಳಿಗೆ ವಾರಕ್ಕೊಂದು ದಿನವಾದರೂ ರಜೆ, ಮಾತಾಡಲು ಒಬ್ಬ ಆಪ್ತಸಮಾಲೋಚಕರು ಬೇಕೆಂದು ಮೇಲಿನ ಕಚೇರಿಗೆ ಮೂರು ಪತ್ರ ಬರೆದರು. ಉತ್ತರವಾಗಿ ಮೊಬೈಲಿನಲ್ಲಿ ಒಂದು ಗಂಟೆಯ ತರಬೇತಿ ಬಂತು. ಕರ್ತವ್ಯದ ವೇಳೆಯಲ್ಲೇ ಕಡ್ಡಾಯ ಹಾಜರಿ, ಹಾಜರಿಗೆ ಸಾಕ್ಷಿಯಾಗಿ ಫೋಟೊ. ಎರಡು ಮಾಸ್ಕ್ ಹಾಕಿಕೊಂಡು ಉಸಿರು ಕಟ್ಟಿ ನಿಂತಿದ್ದ ನಮಗೆ ಯಾರೋ ಮಹನೀಯರು ತಂಪಾದ ಕೋಣೆಯಲ್ಲಿ ಕುಳಿತು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಉಪದೇಶಿಸಿದರು. ಆ ವರ್ಷದ ಕೊನೆಗೆ ಎಲ್ಲರಿಗೂ ಒಂದೊಂದು ಬಣ್ಣದ ಪ್ರಮಾಣಪತ್ರ ಕೊಟ್ಟು ಮೂಗಿಗೆ ತುಪ್ಪ ಸವರಿದರು. ನನ್ನ ಪತ್ರದಲ್ಲಿ ನನ್ನ ಹೆಸರೇ ತಪ್ಪಾಗಿತ್ತು.

ಇನ್ನು ನನ್ನ ಸಂಗತಿ. ಎರಡನೆಯ ಅಲೆಯ ಮೇ ತಿಂಗಳು. ರೋಗಿಗಳ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಇಪ್ಪತ್ತೂ ಮನೆಗೆ ಫೋನ್ ಮಾಡಿ ಸಮಾಚಾರ ಹೇಳುವುದು ನನ್ನ ಕೆಲಸ. ಫೋನ್ ನಂಬರಿನ ಪಟ್ಟಿ ಹಾಸಿಗೆಯ ಸಂಖ್ಯೆಯ ಪ್ರಕಾರ ಇತ್ತು. ಒಂಬತ್ತನೆಯ ಹಾಸಿಗೆಯಲ್ಲಿ ಹೊನ್ನಾಳಿ ಕಡೆಯ ಚಿಕ್ಕಹನುಮಂತಪ್ಪ ಎಂಬ ಹಿರಿಯರಿದ್ದರು. ಮಗಳು ಲಕ್ಷ್ಮಿದೇವಿ ಹನ್ನೊಂದು ದಿನದಿಂದ ನನ್ನ ಫೋನಿಗೆ ಕಾಯುತ್ತಿದ್ದಳು. ಹನ್ನೆರಡನೆಯ ದಿನ ಬೆಳಗಾಗುವ ಮೊದಲೇ ಅವರು ತೀರಿಕೊಂಡರು. ಎಂಟು ಗಂಟೆಗೆ ನಾನು ಬರುವಷ್ಟರಲ್ಲಿ ಹಾಸಿಗೆ ಒರೆಸಿ, ಅವರದೇ ವಯಸ್ಸಿನ ಇನ್ನೊಬ್ಬರನ್ನು ಅಲ್ಲಿ ಮಲಗಿಸಿಯಾಗಿತ್ತು. ರಾತ್ರಿ ಪಾಳಿಯ ಹುಡುಗಿಗೆ ಜ್ವರ ಬಂದು ಅವಳು ಚಾರ್ಜ್ ಕೊಡದೆ ಹೋಗಿದ್ದಳು. ಪಟ್ಟಿಯಲ್ಲಿ ನಂಬರು ಬದಲಾಗಿರಲಿಲ್ಲ. ಸತತ ಹದಿನೆಂಟನೆಯ ದಿನದ ಪಾಳಿಯಲ್ಲಿದ್ದ ನಾನು ಒಂಬತ್ತನೆಯ ಹಾಸಿಗೆಯ ಕಡೆ ನೋಡಿದೆ. ಮುಖಕ್ಕೆ ಆಮ್ಲಜನಕದ ಮಾಸ್ಕ್ ಇದ್ದ ಮುದುಕರೊಬ್ಬರು ಪಕ್ಕದಲ್ಲಿ ಇಡ್ಲಿಯ ಖಾಲಿ ತಟ್ಟೆ ಇಟ್ಟುಕೊಂಡು ಒರಗಿದ್ದರು.

"ನಿಮ್ಮಪ್ಪಾಜಿ ಇವತ್ತು ಎರಡು ಇಡ್ಲಿ ತಿಂದಾರೆ" ಎಂದೆ ಫೋನಿನಲ್ಲಿ.

"ಹೌದೇನಕ್ಕಾ? ಹನ್ನೊಂದು ದಿನದಿಂದ ಗಂಜಿನೂ ಇಳೀತಿರಲಿಲ್ಲ ಅಂತಿದ್ರಿ. ಹಂಗಾರೆ ಸೋಮವಾರ ಕರ್ಕಂಡು ಹೋಗಾಕೆ ಬರಬೌದೇನ್ರಿ?"

"ಬರಬೌದು ಅನ್ಸುತ್ತೆ" ಎಂದೆ.

ತಪ್ಪು ತಿಳಿಯಲು ಒಂದೂವರೆ ಗಂಟೆ ಬೇಕಾಯಿತು. ಆ ಒಂದೂವರೆ ಗಂಟೆಯಲ್ಲಿ ಆಕೆ ಊರಿಗೆಲ್ಲ ಹೇಳಿ, ಸೋಮವಾರಕ್ಕೆ ಗಾಡಿಯನ್ನೂ ಗೊತ್ತು ಮಾಡಿದ್ದಳು. ಎರಡನೆಯ ಫೋನ್ ಮಾಡಲು ನನ್ನ ಕೈ ಏಳಲಿಲ್ಲ. ದುರುಗಮ್ಮನವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು, ತಪ್ಪು ವಾರ್ಡಿನದು ಎಂದು ಒಪ್ಪಿಕೊಂಡು, ಸುದ್ದಿ ತಿಳಿಸಿದರು. ಆ ಕಡೆಯ ಧ್ವನಿ ನನಗೂ ಕೇಳಿಸಿತು. ಆಕೆ ಬೈಯಲಿಲ್ಲ. "ಆ ಅಕ್ಕ ಇಡ್ಲಿ ತಿಂದಾರೆ ಅಂದ್ರಲ್ಲ" ಎಂದಷ್ಟೇ ಮತ್ತೆ ಮತ್ತೆ ಅನ್ನುತ್ತಿದ್ದಳು.

ಅಂದಿನಿಂದ ನನಗೆ ಮಾತು ನಿಂತಿತು. ರೋಗಿಯ ಹತ್ತಿರ ಹೋದರೆ ಹೆಸರು ಸರಿಯೇ ಎಂದು ಮೂರು ಸಲ, ಐದು ಸಲ, ಹತ್ತು ಸಲ ನೋಡುತ್ತಿದ್ದೆ. ಕೈ ತೊಳೆದು ತೊಳೆದು ಚರ್ಮ ಸುಲಿದಿತ್ತು. ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಕಣ್ಣು ಮುಚ್ಚಿದರೆ ಆ ಧ್ವನಿ. ಆಸ್ಪತ್ರೆಯ ಹಿಂದಿನ ನೀರಿನ ಟ್ಯಾಂಕಿನ ಏಣಿಯನ್ನು ನಾನು ಬಹಳ ಹೊತ್ತು ನೋಡುತ್ತಾ ನಿಂತಿದ್ದ ದಿನವೊಂದಿತ್ತು. ಅದನ್ನು ಇಷ್ಟು ವರ್ಷ ಜೊತೆಯವರಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ದುರುಗಮ್ಮನವರಿಗೆ ಮಾತ್ರ ಹೇಳದೆಯೇ ತಿಳಿದಿತ್ತು. ಆ ಏಣಿಯ ದಿನ ಎರಡು ಗಂಟೆಗೆ ಚಾರ್ಜ್ ಕೊಡುವಾಗ ಇಪ್ಪತ್ತು ಮುಗಿಸಿ ನನ್ನ ಸರದಿಗೆ ನಾನು ತಲೆ ತಗ್ಗಿಸಿ ನಿಂತೆ. ಅವರು ಬುಕ್ಕನ್ನು ತಮ್ಮ ಕಡೆ ಎಳೆದುಕೊಂಡು, ಇಪ್ಪತ್ತನೆಯ ಹಾಸಿಗೆಯ ಕೆಳಗೆ ಗೆರೆ ಹಾಕಿ, ಹೊಸ ಸಂಖ್ಯೆ ಬರೆದರು.

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತೈತೆ. ಬುಕ್ಕಲ್ಲಿ ಬಂದ್ರೆ ಮುಂದಿನೋಳು ನೋಡ್ಲೇಬೇಕು. ಇವತ್ತಿಂದ ಇದೂ ನಮ್ಮ ವಾರ್ಡಿಂದೇ ಹಾಸಿಗೆ" ಎಂದರು.

ಆ ಪುಟಗಳ ಒಕ್ಕಣೆ ನನಗೆ ಬಾಯಿಪಾಠವಾಗಿದೆ. 'ಹಾಸಿಗೆ ೨೧: ನಿದ್ದೆ ಎರಡು ಗಂಟೆ. ಬೆಳಗಿನ ಊಟ ಇಲ್ಲ. ಕೈ ನಡುಕ. ಫೋನ್ ಕೊಡಬಾರದು. ಒಬ್ಬಳನ್ನೇ ಹಿತ್ತಲ ಕಡೆ ಬಿಡಬಾರದು. ಮಧ್ಯಾಹ್ನ ಒಂದು ಗಂಟೆ ಮಲಗಿಸಬೇಕು. ಮಾತಾಡಿಸಬೇಕು, ಉತ್ತರಕ್ಕೆ ಒತ್ತಾಯ ಬೇಡ.' ಗಂಗೋತ್ರಿ ಒಪ್ಪಿಸಿಕೊಂಡು ಸಹಿ ಹಾಕಿದಳು. ಅವಳಿಂದ ಇನ್ನೊಬ್ಬಳು. ಮೂವತ್ತನಾಲ್ಕು ದಿನ, ಪಾಳಿಯಿಂದ ಪಾಳಿಗೆ, ಮನೆಗೆ ಹೋಗದೆ ಆಸ್ಪತ್ರೆಯಲ್ಲೇ ಮಲಗಿ ಕೈಲಾದ ಕೆಲಸ ಮಾಡುತ್ತಿದ್ದ ನನ್ನನ್ನು ಹಾಗೆ ಒಪ್ಪಿಸಿ ಒಪ್ಪಿಸಿಕೊಂಡರು. ತಮಗೇ ನಿದ್ದೆಯಿಲ್ಲದ ಹೆಣ್ಣುಮಕ್ಕಳು ನನಗೆ ತುತ್ತು ಮಾಡಿ ತಿನ್ನಿಸಿದರು. ರಜೆ ಕೇಳಿದರೂ ಕಾಯಿಲೆ ಮೇಲಿನವರಿಗೆ ತಿಳಿದರೂ ಗುತ್ತಿಗೆ ರದ್ದಾಗುತ್ತಿತ್ತು, ಆದ್ದರಿಂದ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ.

ಜಿಲ್ಲಾ ಕೇಂದ್ರಕ್ಕೆ ಖಾಲಿ ಹೋಗುತ್ತಿದ್ದ ಆಂಬುಲೆನ್ಸಿನಲ್ಲಿ ದುರುಗಮ್ಮನವರು ಒಂದು ದಿನ ರಜೆ ಹಾಕಿ ನನ್ನನ್ನು ಕೂರಿಸಿಕೊಂಡು ಮನೋವೈದ್ಯರೊಬ್ಬರ ಬಳಿ ಕರೆದೊಯ್ದರು. ಆ ವೈದ್ಯರು ನನ್ನ ಮಾತೆಲ್ಲ ಕೇಳಿ, ಔಷಧಿ ಬರೆದು, "ನಿಮ್ಮೋರು ಯಾರಾದ್ರೂ ಬರ್ತಾರೆ ಅಂತ ಒಂದು ವರ್ಷದಿಂದ ಕಾಯ್ತಿದೀನಿ. ನೀವೇ ಮೊದಲು ಬಂದಿರೋದು" ಎಂದರು. ಒಂದು ಜಿಲ್ಲೆಯ ನರ್ಸುಗಳೆಲ್ಲ ಸೇರಿ ಒಬ್ಬಳೇ! ಉಳಿದವರಿಗೆ ಏನೂ ಆಗಿರಲಿಲ್ಲವೇ? ಆಗಿತ್ತು. ಕರೆದುಕೊಂಡು ಹೋಗುವವರು ಇರಲಿಲ್ಲ, ಅಷ್ಟೇ. ಜೂನ್ ಕೊನೆಗೆ ನಾನು ಮತ್ತೆ ಫೋನ್ ಹಿಡಿದೆ. ಆ ದಿನ ಬುಕ್ಕಿನಲ್ಲಿ 'ಹಾಸಿಗೆ ೨೧: ಗುಣವಾಗಿದೆ' ಎಂದು ಬರೆದು ದುರುಗಮ್ಮನವರು ಇನ್ನೊಂದು ಗೆರೆ ಎಳೆದರು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಮರುವರ್ಷ ರೋಗ ತಗ್ಗಿದ ಮೇಲೆ ದಾಖಲೆ ಪರಿಶೀಲನೆಗೆಂದು ಮೂವರು ಬಂದರು. ನಾವು ಸಾಯುತ್ತಿದ್ದಾಗ ಬರದ ಕಾರು ಬುಕ್ಕು ನೋಡಲು ಬಂತು. ಇಪ್ಪತ್ತೇ ಮಂಚವಿರುವ ವಾರ್ಡಿನಲ್ಲಿ ಇಪ್ಪತ್ತೊಂದನೆಯ ಹಾಸಿಗೆ, ಹೆಸರಿಲ್ಲದ ರೋಗಿ, ದಾಖಲಾತಿ ಸಂಖ್ಯೆ ಇಲ್ಲ, ಪರೀಕ್ಷೆಯ ವರದಿ ಇಲ್ಲ, ಬಿಡುಗಡೆ ಚೀಟಿ ಇಲ್ಲ. ಬಹಳ ದೊಡ್ಡ ಕಳ್ಳತನ ಸಿಕ್ಕಿತೆಂದು ಅವರ ಮುಖ ಅರಳಿತು. ದುರುಗಮ್ಮನವರಿಗೆ ಕಾರಣ ಕೇಳಿ ನೋಟಿಸು ಬಂತು. ಅವರು ಬರೆದ ಉತ್ತರ ಎರಡೇ ಸಾಲು: 'ಸದರಿ ರೋಗಿ ಗುಣವಾಗಿ ಕರ್ತವ್ಯಕ್ಕೆ ಮರಳಿದ್ದಾರೆ. ಹೆಸರು ತಿಳಿಸಲು ಸಾಧ್ಯವಿಲ್ಲ.' ವಿಚಾರಣೆಯ ದಿನ ನಾನು ಹೊರಗೆ ಬಾಗಿಲ ಬಳಿ ನಿಂತಿದ್ದೆ.

"ಒಂದು ಹೆಸರು ಹೇಳ್ರಿ ಮೇಡಂ, ಇಲ್ಲಿಗೆ ಮುಗಿಸ್ತೀವಿ" ಎಂದರು ಅಧಿಕಾರಿ.

"ನಿಮಗೆ ಮುಗೀತೈತೆ ಸಾರ್. ಆಕೆಗೆ ಅಲ್ಲಿಂದ ಶುರುವಾಗ್ತೈತೆ. ಹುಚ್ಚಿ ಅಂತ ಒಂದು ಸಲ ಬರೆದ್ರೆ ಅಳಿಸಾಕೆ ನಿಮ್ಮತ್ರ ರಬ್ಬರ್ ಐತೇನ್ರಿ?" ಎಂದರು ದುರುಗಮ್ಮನವರು.

ನನ್ನ ಕಾಯಂ ನೇಮಕಾತಿಯ ಪರೀಕ್ಷೆ ಹತ್ತಿರವಿತ್ತು. ಮದುವೆಯ ಮಾತೂ ನಡೆಯುತ್ತಿತ್ತು. ಹೊರಗೆ ಬಂದ ದುರುಗಮ್ಮನವರಿಗೆ, ನಾನೇ ಒಳಗೆ ಹೋಗಿ ಹೇಳಿಬಿಡುತ್ತೇನೆ ಸಿಸ್ಟರ್ ಎಂದೆ. "ಬಾಯಿ ಮುಚ್ಕಂಡು ಹೋಗಿ ಓದ್ಕ" ಎಂದು ಗದರಿದರು. ನಾನು ಬಾಯಿ ಮುಚ್ಚಿಕೊಂಡೆ. ಓದಿದೆ. ಆಯ್ಕೆಯಾದೆ. ಅವರಿಗೆ ವಾಗ್ದಂಡನೆಯಾಯಿತು, ಸೇವಾ ಪುಸ್ತಕದಲ್ಲಿ ಷರಾ ಬಿತ್ತು, ಶುಶ್ರೂಷಾ ಅಧೀಕ್ಷಕಿಯಾಗಬೇಕಿದ್ದ ಬಡ್ತಿ ಅವರಿಗಿಂತ ಆರು ವರ್ಷ ಕಿರಿಯರಿಗೆ ಹೋಯಿತು. ಕಚೇರಿಯ ಮೇಲೆ ನನಗಿರುವ ಸಿಟ್ಟು ಎಷ್ಟೋ, ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲಿದೆ. ಅವರು ಗದರಿದ್ದು ನಿಜ. ಆದರೆ ಗದರಿದ್ದಕ್ಕೇ ಸುಮ್ಮನಾದೆ ಎಂಬುದು ಪೂರ್ತಿ ನಿಜವಲ್ಲ. ಸುಮ್ಮನಿರುವುದು ನನಗೂ ಅನುಕೂಲವಾಗಿತ್ತು.

ಕಳೆದ ತಿಂಗಳು ನಾನು ಲಿಖಿತ ಹೇಳಿಕೆ ಹಿಡಿದು ಆ ಕಚೇರಿಗೆ ಹೋದೆ. ಗುಮಾಸ್ತರು ಓದಿ, ಕನ್ನಡಕ ತೆಗೆದು, "ರಿಟೈರ್ ಆಗೋರ ಹಳೇ ಹುಣ್ಣು ಯಾಕ್ರೀ ಕೆರೀತೀರಿ? ನೀವಿನ್ನೂ ಪ್ರೊಬೇಷನ್‌ನಲ್ಲಿ ಇದ್ದೀರಿ. ಇದನ್ನ ತಗಂಡ್ರೆ ನಿಮ್ಮ ಮೇಲೇ ಫೈಲ್ ಓಪನ್ ಆಗ್ತೈತೆ" ಎಂದು ಹಿತವಚನ ಹೇಳಿದರು. ಕೆಟ್ಟ ಮನುಷ್ಯರಲ್ಲ ಅವರು, ನನ್ನ ಒಳ್ಳೆಯದಕ್ಕೇ ಹೇಳಿದರು. ಒಬ್ಬ ನರ್ಸಿಗೆ ಮನಸ್ಸು ಕೆಟ್ಟಿತ್ತು ಎಂಬುದು ಅವಳು ಕದ್ದಳು ಎಂಬುದಕ್ಕಿಂತ ದೊಡ್ಡ ಅಪರಾಧವಾಗಿರುವ ವ್ಯವಸ್ಥೆಯಲ್ಲಿ ಒಳ್ಳೆಯವರೂ ಹಾಗೆಯೇ ಮಾತಾಡುತ್ತಾರೆ. ಕಾಲು ಮುರಿದಿದ್ದರೆ ನನ್ನ ಹೆಸರನ್ನು ಧೈರ್ಯವಾಗಿ ಬರೆಯಬಹುದಿತ್ತಲ್ಲ, ಹೂಗುಚ್ಛವನ್ನೂ ತರುತ್ತಿದ್ದಿರಲ್ಲ! ಮನೆಗೆ ಬಂದು ಅಮ್ಮ ರಹಮತ್‌ಬೀಗೆ ಎಲ್ಲವನ್ನೂ ಮೊದಲ ಬಾರಿಗೆ ಹೇಳಿದೆ. ಆಕೆ ನನ್ನ ಅಂಗೈಯನ್ನು ತಿರುವಿ ತಿರುವಿ ನೋಡಿ, "ಆಯಮ್ಮ ನಿನ್ನ ಹೆಸರು ಮುಚ್ಚಿಟ್ಟು ಉಳಿಸಿದ್ಲು. ನೀನು ಅದನ್ನ ಬಾಯಿಬಿಟ್ಟು ಹೇಳಾಕೆ ಮೂರು ವರ್ಷ ಬೇಕಾತೇನೆ?" ಎಂದು ಕೇಳಿದಳು. ಕಚೇರಿಯ ಮಾತಿಗಿಂತ ಅದು ನನಗೆ ಜೋರಾಗಿ ತಾಗಿತು.

ಮರುದಿನವೇ ಹೇಳಿಕೆಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಉತ್ತರ ಬಂದಿಲ್ಲ. ಆದ್ದರಿಂದ ಅಧಿಕಾರಿಗಳು ಅಂದು ಕೇಳಿದ ಹೆಸರನ್ನು ಈ ಗ್ರಂಥದ ಓದುಗರ ಸಾಕ್ಷಿಯಾಗಿ ಇಲ್ಲಿ ಬರೆದುಕೊಡುತ್ತಿದ್ದೇನೆ: ಅಫ್ಸಾನಾ, ತಂದೆ ಇಮಾಮ್‌ಸಾಬ್, ನಲ್ಲೂರು, ಶುಶ್ರೂಷಾಧಿಕಾರಿ. ಮೂವತ್ತನಾಲ್ಕು ದಿನ ಆ ಹಾಸಿಗೆಯಲ್ಲಿದ್ದವಳು, ಗುಣವಾದವಳು, ಆ ನಂತರ ಇಂದಿನವರೆಗೆ ಒಂದು ದಿನವೂ ತಪ್ಪದೆ ರೋಗಿಗಳನ್ನು ನೋಡಿಕೊಂಡವಳು. ದುರುಗಮ್ಮನವರು ಇಲ್ಲದ ರೋಗಿಯನ್ನು ಸೃಷ್ಟಿಸಲಿಲ್ಲ. ನೀವು ಯಾರೂ ಕಾಣದೆ ಹೋದ ರೋಗಿಯನ್ನು ಕಂಡರು. ಅವರ ಮೇಲಿನ ಷರಾವನ್ನು ತೆಗೆಯಿರಿ, ಬರೆಯಲೇಬೇಕೆಂದಿದ್ದರೆ ನನ್ನ ಪುಸ್ತಕದಲ್ಲಿ ಬರೆಯಿರಿ.

ಪೂಜ್ಯ ದುರುಗಮ್ಮನವರು ನಿವೃತ್ತಿಯ ನಂತರ ಮನೆಯಲ್ಲಿ ಸುಮ್ಮನೆ ಕೂರುವವರಲ್ಲ. ನಾಲ್ಕೂ ತಾಲ್ಲೂಕಿನ ಕಿರಿಯ ನರ್ಸುಗಳು ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ ಅವರಿಗೇ ಫೋನ್ ಮಾಡಿ ಅಳುತ್ತಾರೆ. ಇನ್ನು ಮುಂದೆಯೂ ಮಾಡುತ್ತಾರೆ. ಕಚೇರಿಗಳು ಮಾಡಬೇಕಾದ ಆ ಕೆಲಸವನ್ನು ಸಂಬಳ, ಪದವಿ ಎರಡೂ ಇಲ್ಲದೆ ಅವರೇ ಮಾಡುತ್ತಾರೆ, ಮಾಡುವಷ್ಟು ಕಸುವು ಅವರ ಮೈಯಲ್ಲಿ ಉಳಿಯಲಿ. ಈ ಲೇಖನ ಬರೆಯಲು ನಾನು ಅವರ ಅನುಮತಿ ಕೇಳಿಲ್ಲ, ಕೇಳಿದ್ದರೆ ಕೊಡುತ್ತಿರಲಿಲ್ಲ. ಗ್ರಂಥ ಕೈಗೆ ಬಂದ ದಿನ ಅವರಿಗೆ ನನ್ನ ಮೇಲೆ ಕೆಂಡದಂಥ ಕೋಪ ಬರುತ್ತದೆ, ಮುಖ ಕೊಟ್ಟು ಮಾತಾಡಲಾರರು. ನೂರು ವರ್ಷ ಬಾಳಲಿ ನನ್ನ ತಾಯಿ. ಅಷ್ಟೂ ವರ್ಷ ನನ್ನ ಮೇಲೆ ಸಿಟ್ಟಾಗಿಯೇ ಇರಲಿ.